ಮೂರು ಬಾಗಿಲು ಮತ್ತು ಇಪ್ಪತ್ತಾರು ಅಡಿಯ ಗಳ

ಮನೆಯ ನಕಾಶೆ ತೆಗೆಯುವ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಹಾ ಮುಗಿಯುವುದರೊಳಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಒಟ್ಟ ಎಷ್ಟ ಮನಿ ಕಟ್ಟಿಸಿರಬೇಕ್ರಿ ನೀವು?" ಅದನ್ನು ನಾನು ಎಣಿಸಿಲ್ಲ. ನಾನು ಎಣಿಸಿಟ್ಟಿರುವುದು ಎಡವಿದ್ದನ್ನು. ಕಟ್ಟಿಸಿದ ಮನೆಗಳಲ್ಲಿ ಬೇರೆಯವರು ಸುಖವಾಗಿದ್ದಾರೆ; ಮಾಡಿದ ತಪ್ಪುಗಳಲ್ಲಿ ಮಾತ್ರ ನಾನೇ ಬಾಡಿಗೆ ಇಲ್ಲದೆ ವಾಸವಾಗಿದ್ದೇನೆ. ಹೊಸಬರಿಗೆ ಉಪಯೋಗವಾಗುವುದಿದ್ದರೆ ಅವೇ ಆದಾವು ಎಂದುಕೊಂಡು ಇದನ್ನು ಬರೆಯಲು ಕುಳಿತಿದ್ದೇನೆ.

ಬೈಲಹೊಂಗಲದ ಪೇಟೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲೆ ನನ್ನ ಆಫೀಸು ಇತ್ತು. ಬೆಳಗಾವಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವನು ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಲ್ಲಿ ಬೋರ್ಡು ಹಾಕಿದೆ. ಕೆಳಗೆ ಯೂರಿಯಾ ವಾಸನೆ, ಮೇಲೆ ನನ್ನ ನಕಾಶೆಗಳನ್ನು ನೀಲಿ ಪ್ರಿಂಟು ತೆಗೆಯುವ ಅಮೋನಿಯಾದ ವಾಸನೆ. ಮನೆ ಕಟ್ಟಿಸಬೇಕೆಂದು ಬಂದವರು ಮೂಗು ಹಿಡಿದುಕೊಂಡೇ ಮಾತಾಡುತ್ತಿದ್ದುದರಿಂದ ಮಾತು ಚಿಕ್ಕದಾಗಿ ಮುಗಿಯುತ್ತಿತ್ತು.

ಆಫೀಸಿನಲ್ಲಿ ನನಗಿಂತ ಮೊದಲು ಬಂದು ಕುಳಿತಿರುತ್ತಿದ್ದವರು ಓವರ್‌ಸಿಯರ್ ಕಾಕಾ. ಸರಕಾರಿ ಕೆಲಸದಿಂದ ನಿವೃತ್ತರಾದವರು. ನನಗೆ ಅವರು ಅಧಿಕಾರಿಯೂ ಅಲ್ಲ, ಪಾಲುದಾರರೂ ಅಲ್ಲ. ಪೇಪರ್ ಓದಲು ಬರುತ್ತಿದ್ದರು, ಓದಿ ಮುಗಿದ ಮೇಲೆ ನನ್ನ ನಕಾಶೆಗಳನ್ನು ತಿದ್ದುತ್ತಿದ್ದರು. ಬೀಡಿ ಹಚ್ಚಿಕೊಂಡು ಆರಿದ ಬೆಂಕಿಕಡ್ಡಿಯನ್ನು ಎಸೆಯದೆ ನನ್ನ ನಕಾಶೆಯ ಮೇಲೆ ಇಡುವುದು ಅವರ ಪದ್ಧತಿ.

"ಈ ಕಡ್ಡಿ ಮಂಚ ಅಂತ ತಿಳ್ಕೊ. ಮುಂಬಾಗಲದಿಂದ ಒಳಗ ಒಯ್ಯಿ ನೋಡೂಣು. ಎಲ್ಲೆರೆ ಸಿಕ್ಕೊಂತಂದ್ರ ಕಡ್ಡಿ ಮುರೀಬ್ಯಾಡ, ಗ್ವಾಡಿ ಸರಸು" ಅನ್ನುತ್ತಿದ್ದರು. ಮನೆಯಲ್ಲಿ ಯಾವ ಯಾವ ದೊಡ್ಡ ಸಾಮಾನು ಇದೆಯೋ ಅದೆಲ್ಲವನ್ನೂ ಅಳತೆಗೆ ಸರಿಯಾಗಿ ಮುರಿದ ಕಡ್ಡಿ ಮಾಡಿಕೊಂಡು ಕಾಗದದ ಮೇಲೇ ಒಳಗೆ ಹೊರಗೆ ತಿರುಗಾಡಿಸಬೇಕು. ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದಕ್ಕಿಂತ ಈ ಬೀಡಿಯ ಪಾಠ ದೊಡ್ಡದು. ಕಾಕಾ ಬದುಕಿರುವವರೆಗೆ ನಾನು ಅದನ್ನು ತಪ್ಪದೆ ಮಾಡಿದೆ. ಅವರು ತೀರಿಕೊಂಡ ಮೇಲೆ ಸ್ವಲ್ಪ ದೊಡ್ಡವನಾದೆ, ಕಡ್ಡಿ ಬಿಟ್ಟೆ.

ಕಡ್ಡಿಗೆ ತಿಳಿಯದ ತಪ್ಪುಗಳೂ ಇರುತ್ತವೆ ಅನ್ನಿ. ಕಿತ್ತೂರಿನ ಕಡೆ ಒಬ್ಬ ಕಬ್ಬಿನ ರೈತರ ಮನೆಗೆ ನಾನು ಮೊಟ್ಟಮೊದಲ ಸಲ ನಿಂತು ಅಡುಗೆ ಮಾಡುವ ಕಟ್ಟೆ ಹಾಕಿಸಿದೆ. ಕಪ್ಪು ಕಲ್ಲು, ಮುಖ ಕಾಣುವಂಥ ಪಾಲಿಶ್. ಊರೆಲ್ಲ ಬಂದು ನೋಡಿ ಹೋಯಿತು. ಎರಡು ತಿಂಗಳು ಬಿಟ್ಟು ಊಟಕ್ಕೆ ಕರೆದರು. ಹೋಗಿ ನೋಡುತ್ತೇನೆ, ಮನೆಯ ಅಜ್ಜಿ ಸ್ಟೂಲು ಹತ್ತಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮಗ್ಗುಲಿಗೆ ಒಲೆ ಇಟ್ಟುಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ತಲೆ ಛಾವಣಿಗೆ ಹತ್ತಿರ ಹೋಗಿದೆ. "ಚಲೋ ಐತ್ರಿ ಕಟ್ಟಿ. ಗಾಳಿ ಬರತೈತಿ. ಖರೆ ಇಳಿಯಾಕ ಒಬ್ರು ಬೇಕು" ಅಂದರು. ರೊಟ್ಟಿ ಕುಳಿತು ಬಡಿಯಬೇಕು, ಮೈಭಾರ ಕೈಗೆ ಇಳಿಯಬೇಕು ಅನ್ನುವುದು ದಿನಾ ಎರಡು ಹೊತ್ತು ರೊಟ್ಟಿ ತಿನ್ನುವ ನನಗೆ ಹೊಳೆದಿರಲಿಲ್ಲ. ಅಂದು ನಾಲ್ಕು ರೊಟ್ಟಿ ತಿಂದೆ. ನಾಲ್ಕೂ ಮೇಲಿನಿಂದ ಬಂದವು.

ರಾಮದುರ್ಗದಲ್ಲಿ ಇದಕ್ಕೆ ಉಲ್ಟಾ ಒಂದು ಪಾಠವಾಯಿತು. ಅಲ್ಲಿ ನೇಕಾರರೊಬ್ಬರ ಮನೆಯನ್ನು ದೊಡ್ಡದು ಮಾಡಿಕೊಡಲು ಹೋಗಿದ್ದೆ. ಅವರದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೇ ಕುಳಿತು ನೇಯುವುದು. ಅದೇ ಪಡಸಾಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಅದೇ ಪಡಸಾಲೆಯಲ್ಲಿ ಸೊಸೆ ಅಕ್ಕಿ ಆರಿಸುತ್ತಿದ್ದಳು. "ಮಗ್ಗಕ್ಕ ಬ್ಯಾರೆ ಕೋಣಿ ಮಾಡೂಣ್ರಿ" ಅಂದೆ ನಾನು. "ಬ್ಯಾರೆ ಕೋಣ್ಯಾಗ ನಾ ಒಬ್ಬನ ಕುಂತು ಏನ ಮಾಡ್ಲಿ?" ಅಂದರು ಅವರು. ಎತ್ತರ ಬೇಕಾದಲ್ಲಿ ಛಾವಣಿ ಏರಿಸಲೇಬೇಕೆಂದಿಲ್ಲ, ನೆಲ ಇಳಿಸಬಹುದು ಅನ್ನುವುದನ್ನು ಆ ಕುಣಿ ನೋಡಿ ಕಲಿತೆ. ಈ ಕಲಿಕೆಯನ್ನು ಜಂಬದಿಂದ ಹೊತ್ತುಕೊಂಡೇ ನಾನು ಮುರಗೋಡಕ್ಕೆ ಹೋದದ್ದು.

ಮುರಗೋಡದ ಈರಣ್ಣ ನಾಟಕದ ಪರದೆ ಬರೆಯುವವನು. ಅರಮನೆ, ಕಾಡು, ಬೀದಿ, ಬಡವರ ಮನೆ, ಹೀಗೆ ದೊಡ್ಡ ದೊಡ್ಡ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು ಕೊಡುತ್ತಿದ್ದ. ಎಂಟೊಂಬತ್ತು ವರ್ಷ ನಾಟಕ ಕಂಪನಿಗಳ ಬೆನ್ನು ಹತ್ತಿ ಊರೂರು ಅಲೆದಿದ್ದ. ವರ್ಷದಲ್ಲಿ ಮನೆಯಲ್ಲಿ ಇರುತ್ತಿದ್ದುದು ಎರಡೋ ಮೂರೋ ತಿಂಗಳು. ತೊಂಬತ್ತರ ದಶಕದ ನಡುವೆ ಒಂದು ಬೆಳಗ್ಗೆ ಹೆಂಡತಿ ಸುಮಿತ್ರಾಳನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದ. ಅವನು ಕುರ್ಚಿಯ ತುದಿಯಲ್ಲಿ ಕುಳಿತ, ಮಾತೆಲ್ಲ ಆಕೆಯದೇ.

"ಹೋದ ಸಲ ಇವರು ಮನಿಗೆ ಬಂದಾಗ ಸಣ್ಣ ಮಗಳು ಬಾಗಲಾ ತಗದು, 'ಯವ್ವಾ, ಯಾರೋ ಬಂದಾರ, ನೀರ ಕೊಡ್ಲೇನು' ಅಂದ್ಳರಿ. ಸಾಕಾತು ನನಗ. ಮನ್ಯಾಗ ಕುಂತು ಬರಿಯೂದಾದ್ರ ಒಂದ ವರ್ಷ ನೋಡತೇನಿ. ಇಲ್ಲಂದ್ರ ನಮ್ಮ ಅಣ್ಣ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಗಾಡಿಗೆ ಚೀಟಿ ಬರಿಯೂ ಕೆಲಸ ನೋಡ್ಯಾನ. ಅದನ್ನ ಬರೀಲಿ."

ಈರಣ್ಣ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇತ್ತು. ಚೀಟಿ ಬರೆಯುವ ಕೈಯಲ್ಲ ಅದು ಅನ್ನುವುದು ನನಗೂ ಕಂಡಿತು, ಆಕೆಗೂ ಗೊತ್ತಿತ್ತು. ಹಾಗಾಗಿ ಪ್ರಶ್ನೆ ಇಷ್ಟೇ: ಸಂಸಾರವೂ ಪರದೆಯೂ ಒಂದೇ ಸೂರಿನಡಿ ಬದುಕುವಂಥ ಮನೆ ಆಗುತ್ತದೆಯೋ ಇಲ್ಲವೋ. ಆಗುತ್ತದೆ ಅಂದೆ. ಹೊಸಬರು ಗಮನಿಸಿ, ಜಾಗ ನೋಡುವ ಮೊದಲೇ ಆಗುತ್ತದೆ ಅಂದೆ.

ಜಾಗ ನೋಡಲು ಹೋದಾಗ ಮೂರನೆಯವರು ಸಿಕ್ಕರು. ಅವರು ಈರಣ್ಣನ ತಾಯಿ ನೀಲವ್ವ. ಕುಳ್ಳಗಿನ ಹೆಣ್ಣುಮಗಳು, ದನಿ ಮಾತ್ರ ಬೀದಿಯ ತುದಿಗೆ ಕೇಳುವಂಥದ್ದು. ಅವರದು ಒಂದೇ ಷರತ್ತು. ಪರದೆಯ ಪುಡಿಬಣ್ಣ ಬಟ್ಟೆಗೆ ಹಿಡಿಯಬೇಕಾದರೆ ಸರೇಸು ಕಾಯಿಸಿ ಕಲಸಬೇಕು. ಸರೇಸು ಅಂದರೆ ಚರ್ಮ, ಎಲುಬು ಕುದಿಸಿ ಮಾಡಿದ ಅಂಟು. ಕಾಯುವಾಗ ಅದರ ನಾತ ಹೊಡೆಯಿತೆಂದರೆ ದಾರಿಯಲ್ಲಿ ಹೋಗುವ ಎಮ್ಮೆಯೂ ಮುಖ ತಿರುಗಿಸುತ್ತದೆ.

"ನಾ ಹುಟ್ಟಿದಾಗಿಂದ ಉಳ್ಳಾಗಡ್ಡಿ ಸೈತ ಶ್ರಾವಣದಾಗ ಮುಟ್ಟಿಲ್ಲ. ಆ ನಾತ ನನ್ನ ದೇವರ ಕೋಣಿಗೆ ಬರಬಾರದು. ಬಂತಂದ್ರ ಪರದೆ ಹೊರಗ, ಇಲ್ಲಾ ನಾ ಹೊರಗ" ಅಂದರು ನೀಲವ್ವ.

ಹಳೆಯ ಮನೆ ಅರ್ಧ ಕುಸಿದಿತ್ತು. ಮುಂದೆ ಬೀದಿ, ಎರಡೂ ಮಗ್ಗುಲಿಗೆ ಪಕ್ಕದವರ ಗೋಡೆ, ಹಿಂದೆಯೂ ಇನ್ನೊಬ್ಬರ ಗೋಡೆ. ಜಾಗ ಅಗಲ ಕಡಿಮೆ, ಉದ್ದ ಬಹಳ. ಮುಂದಿನ ಅರ್ಧಕ್ಕೆ ಮನೆ, ಹಿಂದಿನ ಅರ್ಧಕ್ಕೆ ಪರದೆ ಬರೆಯುವ ಕೋಣೆ, ಕೊನೆಗೆ ತುಸು ಹಿತ್ತಲು ಅಂತ ಗೆರೆ ಎಳೆದೆ. ಆಗ ತಾಲ್ಲೂಕಿನಲ್ಲೆಲ್ಲ ಸ್ಲ್ಯಾಬಿನ ಹುಚ್ಚು. ನಾನೂ ಸ್ಲ್ಯಾಬೇ ಹೇಳಿದೆ. ಈರಣ್ಣ ಮೊದಲ ಸಲ ಬಾಯಿ ಬಿಟ್ಟ.

"ಬ್ಯಾಡ್ರಿ ಸಾಹೇಬ್ರ. ಸ್ಲ್ಯಾಬಿನ ಕೆಳಗ ಸೆಕಿಗೆ ಬಣ್ಣ ಹಚ್ಚೂದರಾಗ ಆರತೈತಿ. ಒಂದ ನೀಲಿ ಇನ್ನೊಂದ ನೀಲಿಗೆ ಕೂಡೂದಿಲ್ಲ. ಆಕಾಶಕ್ಕ ತ್ಯಾಪಿ ಹಚ್ಚಿಧಂಗ ಕಾಣತೈತಿ. ನಮ್ಮ ಹಳೀ ಮನಿ ಗ್ವಾಡಿನ ಚಲೋ, ಬ್ಯಾಸಗ್ಯಾಗೂ ತಂಪ."

ಹೀಗೆ ಆಕಾಶಕ್ಕೆ ತ್ಯಾಪಿ ಬೀಳಬಾರದೆಂದು ಆ ಮನೆ ಕಲ್ಲು ಮಣ್ಣಿನದಾಯಿತು. ಕುಸಿದ ಮನೆಯ ಕಲ್ಲನ್ನೇ ಮತ್ತೆ ಕಟ್ಟಿದೆವು, ಹಳೆಯ ತೊಲೆಗಳನ್ನೇ ಮತ್ತೆ ಏರಿಸಿದೆವು. ಮೇಲೆ ಹಂಚು, ಬಡಗಣ ಇಳಿಜಾರಿನಲ್ಲಿ ಅಲ್ಲಲ್ಲಿ ಗಾಜಿನ ಹಂಚು, ನೆರಳು ಬೀಳದ ಬೆಳಕಿಗೆ. ಹಂಚಿನ ನೀರು ತೊಟ್ಟಿಗೆ, ತೊಟ್ಟಿಯ ನೀರು ಬಣ್ಣ ಕಲಸಲಿಕ್ಕೆ, ಕುಂಚ ತೊಳೆದ ನೀರು ಮೂಲೆಯ ಬಾಳೆಗಿಡಕ್ಕೆ. ಪರಿಸರಸ್ನೇಹಿ ಮನೆ ಅನ್ನುವ ಮಾತು ನಾನಿನ್ನೂ ಕೇಳಿರಲಿಲ್ಲ. ಇದ್ದುದರಲ್ಲೇ ಸುಧಾರಿಸಿದೆವು, ಅಷ್ಟೇ.

ಎತ್ತರದ ತೊಡಕು ಬಂತು. ಪರದೆ ಹದಿನೆಂಟು ಅಡಿ ಎತ್ತರ. ತೂಗುಹಾಕಿ ಬರೆಯುವ ಗೋಡೆ ಅಷ್ಟೇ ಎತ್ತರ ಬೇಕು. ಅಷ್ಟು ಏರಿಸಿದರೆ ಮುರಗೋಡದ ಜನ ಟಾಕೀಸು ಬಂತೆಂದು ಸರತಿಯಲ್ಲಿ ನಿಲ್ಲುತ್ತಿದ್ದರು. ಕೋಣೆ ಬರುವ ಜಾಗದಲ್ಲಿ ಹಿಂದಿನ ಕಾಲದಲ್ಲಿ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಎರಡು ಹಗೇವು ಇದ್ದವು. ನನಗೆ ರಾಮದುರ್ಗದ ಕುಣಿಮಗ್ಗ ನೆನಪಾಯಿತು. ಎರಡೂ ಹಗೇವುಗಳ ನಡುವಿನ ಮಣ್ಣು ತೆಗೆದು ಗೋಡೆಯುದ್ದಕ್ಕೂ ಒಂದು ಕುಣಿ ಮಾಡಿದರೆ, ಮೇಲಿನ ಭಾಗ ಬರೆಯುವಾಗ ಬಟ್ಟೆಯನ್ನು ಕುಣಿಗೆ ಇಳಿಸಬಹುದು, ಕೆಳಗಿನ ಭಾಗ ಬರೆಯುವಾಗ ಮೇಲಕ್ಕೆ ಎಳೆದುಕೊಳ್ಳಬಹುದು. ಈರಣ್ಣ ನೆಲದ ಮೇಲೇ ನಿಂತು ಆಕಾಶ ಬರೆಯಬಹುದು.

ಅಗೆಯಲು ಶುರು ಮಾಡಿದ ಮೂರನೆಯ ದಿನ ಊರಲ್ಲಿ ನಿಧಿ ಸಿಕ್ಕಿದೆಯೆಂಬ ಸುದ್ದಿ ಹಬ್ಬಿತು. ಗೌಂಡಿ ಮೀರಾಸಾಬ ಗಂಭೀರವಾದ ಮನುಷ್ಯ, ಸುಳ್ಳು ಹೇಳುವವನಲ್ಲ. "ಏನ ಸಿಕ್ತು?" ಅಂತ ಕೇಳಿದವರಿಗೆಲ್ಲ "ಹಳೀ ಜ್ವಾಳ" ಅಂತ ಖರೇನೇ ಹೇಳಿದ. ಯಾರೂ ನಂಬಲಿಲ್ಲ. ಜೋಳದ ಕೆಳಗೆ ಏನಿತ್ತೆಂದು ಆಮೇಲೂ ಬಹಳ ದಿನ ಚರ್ಚೆಯಾಯಿತು.

ಇನ್ನು ಉಳಿದದ್ದು ನಾತ. ಇಲ್ಲಿ ನಾನು ನನ್ನ ಜಾಣತನವನ್ನೆಲ್ಲ ಖರ್ಚು ಮಾಡಿದೆ. ಮನೆಗೂ ಪರದೆಯ ಕೋಣೆಗೂ ನಡುವೆ ದಪ್ಪ ಗೋಡೆ, ಅದರಲ್ಲಿ ಬಾಗಿಲಿಲ್ಲ. ಓಡಾಡಲಿಕ್ಕೆ ಬಚ್ಚಲಿನ ಮಗ್ಗುಲಿಂದ ಎರಡು ಸಲ ತಿರುಗುವ ಸಣ್ಣ ಓಣಿ. ಗಾಳಿ ಬರುವಷ್ಟರಲ್ಲಿ ಎರಡು ಮೂಲೆಗೆ ಬಡಿದು ಸುಸ್ತಾಗಬೇಕು. ಈ ಓಣಿಯನ್ನು ನಕಾಶೆಯಲ್ಲಿ ಕೆಂಪು ಪೆನ್ಸಿಲಿನಿಂದ ತೋರಿಸಿ ನೀಲವ್ವನ ಮುಂದೆ ಹಿಡಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ನಕಾಶೆ ತಲೆಕೆಳಗಾಗಿತ್ತು. ಆದರೂ ತಪ್ಪು ಹಿಡಿದರು.

"ನಮ್ಮ ಹಳೀ ಮನಿಗೆ ಮೂರ ಬಾಗಲಾ ಒಂದ ಗೆರೀ ಮ್ಯಾಲ ಇದ್ದೂರಿ. ಮುಂಬಾಗಲದಾಗ ನಿಂತ್ರ ಹಿತ್ತಲ ಕಾಣತಿತ್ತು. ನೀವು ಹಾವ ಹರಧಂಗ ಮಾಡೀರಿ. ನಾಳೆ ನಾ ಸತ್ರ ಹೆಂಗ ಹೊರಗ ಒಯ್ಯವ್ರು?"

ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸಿ ವಿಮಾನ ಕಟ್ಟಿ ಒಯ್ಯುತ್ತಾರೆ. "ಅವ್ವಾರ, ನೀವೇನ ಮಲಕೊಂಡ ಹೋಗವ್ರಲ್ಲ, ಕುಂತ ಹೋಗವ್ರು. ಕುಂತವ್ರು ಎಂಥಾ ಮೂಲ್ಯಾಗೂ ತಿರಗತಾರ. ನೂರ ವರ್ಷ ಇರ್ರಿ" ಅಂದೆ. ಸುಮಿತ್ರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀಲವ್ವ ನಗಲಿಲ್ಲ. "ನಾತ ಬರಬಾರದು ಅಂದಾಕೀನೂ ನಾನ. ಆತು, ನಿಮ್ಮ ಇಚ್ಛಾ" ಅಂದು ಎದ್ದು ಹೋದರು. ಹಳೆಯ ಮೂರು ಸಾಗವಾನಿ ಚೌಕಟ್ಟುಗಳಲ್ಲಿ ಎರಡನ್ನು ಮುಂಬಾಗಿಲಿಗೂ ನಡುಮನೆಗೂ ಕೂಡಿಸಿದೆವು. ಮೂರನೆಯದನ್ನು ಮಾರೋಣವೆಂದರೆ ನೀಲವ್ವ ಒಪ್ಪಲಿಲ್ಲ. ಗೋಣಿತಟ್ಟು ಹೊದಿಸಿ ಬಾಳೆಗಿಡದ ಹತ್ತಿರ ಗೋಡೆಗೆ ಆನಿಸಿಟ್ಟರು.

ಮನೆ ಮುಗಿಯಿತು. ನಾತ ನಿಜವಾಗಿಯೂ ದೇವರ ಕೋಣೆಗೆ ಬರಲಿಲ್ಲ. ಮಕ್ಕಳು ಸಾಲಿಯಿಂದ ಬಂದವರೇ ಓಣಿಯಲ್ಲಿ ಎರಡು ಸಲ ತಿರುಗಿ ಅಪ್ಪ ಬರೆಯುವುದನ್ನು ನೋಡಲು ಓಡುತ್ತಿದ್ದವು. ಮೊದಲ ಕೆಲಸ ಕಟಕೋಳದ ನಾಟಕದವರಿಂದ ಬಂತು, ಒಂದು ಅರಮನೆ. ಈರಣ್ಣ ಒಂದೂವರೆ ತಿಂಗಳು ಬರೆದ. ಕಂಬಕ್ಕೊಂದು ಸಿಂಹ, ನಡುವೆ ದೊಡ್ಡ ಮೆಟ್ಟಿಲು, ಆಚೆ ಕಾರಂಜಿ. ಆಕಾಶದಲ್ಲಿ ಒಂದೇ ಒಂದು ತ್ಯಾಪಿ ಇಲ್ಲ.

ಪರದೆ ಒಯ್ಯುವ ದಿನ ನನ್ನನ್ನೂ ಕರೆದಿದ್ದರು. ಶಾಲು ಹೊದಿಸುತ್ತಾರೆಂದು ಯಾರೋ ಕಿವಿಯಲ್ಲಿ ಹೇಳಿದ್ದರಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಬೀದಿಯಲ್ಲಿ ಕಟಕೋಳದ ಟ್ರ್ಯಾಕ್ಟರು ನಿಂತಿತ್ತು. ಅವರ ನಾಟಕ ಅಂದು ಸಂಜೆಯೇ. ಪರದೆಯನ್ನು ಅದರ ಗಳಕ್ಕೆ ಸುತ್ತಿಯಾಗಿತ್ತು. ಗಳವೆಂದರೆ ಪರದೆಯ ಕೆಳಅಂಚಿಗೆ ಮೊಳೆ ಹೊಡೆದು ಕೂಡಿಸಿದ ಉದ್ದನೆಯ ಬಿದಿರು. ಪರದೆ ಇಪ್ಪತ್ತಾರು ಅಡಿ ಅಗಲ, ಗಳವೂ ಇಪ್ಪತ್ತಾರು ಅಡಿ. ಹಂಚು ಹೊದಿಸುವ ಮೊದಲೇ ಅದನ್ನು ಮೇಲಿನಿಂದ ಒಳಗೆ ಇಳಿಸಿಟ್ಟಿದ್ದರಿಂದ ಓಣಿಯ ಮುಖ ಅದಿನ್ನೂ ನೋಡಿರಲಿಲ್ಲ.

ಆರು ಮಂದಿ ಎತ್ತಿ ಹೆಗಲಿಗಿಟ್ಟುಕೊಂಡು ಓಣಿಯ ಕಡೆ ನಡೆದರು. ಮೊದಲನೆಯ ಮೂಲೆಗೆ ಬಂದು ನಿಂತರು. ಸ್ವಲ್ಪ ಹಿಂದೆ ಬಂದರು. ಮತ್ತೆ ಮುಂದೆ ಹೋದರು. ಮುಂದಿನವನು "ಹಿಂದ ಸರೀರಿ" ಅಂದ, ಹಿಂದಿನವನು "ಹಿಂದ ಗ್ವಾಡಿ ಐತ್ರೆಪಾ" ಅಂದ. ಗಳದ ಮೂತಿ ಬಚ್ಚಲಿಗೆ ನುಗ್ಗಿ ನೀರಿನ ಗಡಿಗೆ ಒಡೆಯಿತು. ಮೇಲೆ ಎತ್ತಿದರೆ ಹಂಚಿಗೆ, ಕೆಳಗೆ ಇಳಿಸಿದರೆ ಹೊಸ್ತಿಲಿಗೆ. ಆರು ಮಂದಿ ಹತ್ತಾದರು. ಹತ್ತು ಮಂದಿ ಹತ್ತು ರೀತಿ ಹೇಳಿದರು. ಗಳ ಮಾತ್ರ ತನ್ನ ಮಾತು ಬಿಡಲಿಲ್ಲ.

ನಾನು ಎಲ್ಲವನ್ನೂ ಅಳೆದಿದ್ದೆ. ಬೆಳಕು ಅಳೆದಿದ್ದೆ, ಎತ್ತರ ಅಳೆದಿದ್ದೆ, ನಾತ ಎಷ್ಟು ಮೂಲೆ ತಿರುಗಬಲ್ಲದೆಂದು ಅಳೆದಿದ್ದೆ. ಬರೆದ ಪರದೆ ಒಂದು ದಿನ ಮನೆಯಿಂದ ಹೊರಗೆ ಹೋಗಬೇಕಾಗುತ್ತದೆ ಅನ್ನುವುದೊಂದನ್ನು ಮರೆತಿದ್ದೆ. ಚೀಲದಲ್ಲಿದ್ದ ನಕಾಶೆ ತೆಗೆದು, ಬೀಡಿ ಸೇದುತ್ತಿದ್ದವನ ಹತ್ತಿರ ಕಡ್ಡಿ ಇಸಿದುಕೊಂಡು, ಅಳತೆಗೆ ಮುರಿದು ಓಣಿಯಲ್ಲಿ ಇಟ್ಟು ನೋಡಿದೆ. ಕಡ್ಡಿ ತಿರುಗಲಿಲ್ಲ. ಆರು ತಿಂಗಳ ಹಿಂದೆ ಇದಕ್ಕೆ ಅರ್ಧ ನಿಮಿಷ ಸಾಕಿತ್ತು. ಓವರ್‌ಸಿಯರ್ ಕಾಕಾ ಎಲ್ಲಿದ್ದರೋ, ಅಲ್ಲಿಂದಲೇ ಕೆಮ್ಮಿದಂತಾಯಿತು.

"ಬಟ್ಟಿ ಬಿಚ್ಚಿ ಮಡಚಿ ಒಯ್ಯೂಣು" ಅಂದ ಒಬ್ಬ. "ಮಡಚಿದ್ರ ಬಣ್ಣ ಉದರತೈತಿ" ಅಂದ ಈರಣ್ಣ. "ಗಳಾನ ನಡಕ ಕೊಯ್ದ ಬಿಡೂಣು" ಅಂದ ಇನ್ನೊಬ್ಬ. "ಅರ್ಧ ಅರಮನಿ ತಗೊಂಡ ಏನ ಮಾಡ್ತೀರಿ, ರಾಜಾ ಒಂದ ಕಡೆ, ರಾಣಿ ಒಂದ ಕಡೆ ನಿಂದರ್ಸತೀರೇನು?" ಅಂದ ಈರಣ್ಣ. ನಗುವವರು ನಕ್ಕರು, ಅವನು ಮಾತ್ರ ಗಳದ ಮೇಲಿನ ಕೈ ತೆಗೆಯಲಿಲ್ಲ. ಹಂಚು ತೆಗೆದು ಮೇಲಿಂದ ಎತ್ತೋಣವೆಂದು ಮೀರಾಸಾಬ ಏಣಿ ಹಾಕಿದ. ಆಕಾಶ ನೋಡಿದವನೇ ಇಳಿದು ಬಂದ. ಮೋಡ ಕಟ್ಟಿತ್ತು. ಸರೇಸಿನ ಬಣ್ಣಕ್ಕೆ ನಾಲ್ಕು ಹನಿ ಬಿದ್ದರೆ ಸಾಕು, ಸಿಂಹ ಕರಗಿ ಕಾರಂಜಿಗೆ ಇಳಿಯುತ್ತದೆ.

ಕಟಕೋಳದ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡು, ಹೊತ್ತಾದರೆ ಸವದತ್ತಿಯಿಂದ ಬಾಡಿಗೆಗೆ ಹಳೆಯ ಪರದೆ ತರುವುದಾಗಿ ಹೇಳಿದರು. ಅವರ ತಪ್ಪಿಲ್ಲ. ಸುಮಿತ್ರಾ ಪಡಸಾಲೆಗೆ ಹೋಗಿ ಕಂಬಕ್ಕೆ ಒರಗಿ ಕುಳಿತಳು. ಆಕೆ ಕೊಟ್ಟ ವರ್ಷ ಇನ್ನೂ ಮುಗಿದಿರಲಿಲ್ಲ ನಿಜ. ಆದರೆ ಮೊದಲ ಪರದೆಯೇ ಮನೆ ಬಿಟ್ಟು ಹೋಗಲಾರದ ಮೇಲೆ ಎರಡನೆಯದನ್ನು ಯಾರು ಹೇಳುತ್ತಾರೆ? ಅಂದು ನನಗೆ ನಿಜವಾಗಿ ಅಳು ಬಂದಿತ್ತು. ಇಸ್ತ್ರಿ ಅಂಗಿಯ ತೋಳಿನಿಂದ ಬೆವರು ಒರೆಸಿದಂತೆ ಮಾಡಿ ಕಣ್ಣು ಒರೆಸಿಕೊಂಡೆ.

ಆಗ ನೀಲವ್ವ ಬಂದರು. ಓಣಿಯ ಮೂಲೆಯಲ್ಲಿ ಸಿಕ್ಕಿಕೊಂಡ ಗಳವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಸಾಹೇಬ್ರ, ನಾ ಕುಂತ ಹೋಗಾಕಿ, ತಿರಗತೇನಿ ಅಂದಿದ್ರಿ. ಇದಕ್ಕೂ ಸ್ವಲ್ಪ ಕುಂದರಾಕ ಹೇಳ್ರಿ."

ಅವರು ಪರದೆಯ ಕೋಣೆಗೆ ಹೋಗಿ ಬಾಗಿಲಿಲ್ಲದ ಆ ದಪ್ಪ ಗೋಡೆಯ ಮುಂದೆ ನಿಂತು ಅಂಗೈ ಇಟ್ಟರು. ನಡುಮನೆಯ ಬಾಗಿಲಿಗೆ, ಮುಂಬಾಗಿಲಿಗೆ ನೇರವಾದ ಜಾಗ ಅದು. ಹಳೆಯ ಮನೆಯ ಮೂರನೆಯ ಬಾಗಿಲು ಇದ್ದದ್ದು ಅಲ್ಲೇ. ಪರದೆ ತೂಗುವ ಮಗ್ಗುಲಗೋಡೆಯುದ್ದಕ್ಕೆ ಗಳ ಮಲಗುವ ದಿಕ್ಕಿಗೇ ಬೀದಿಯೂ ಇತ್ತು. ನಡುವೆ ಇದ್ದದ್ದು ನನ್ನ ಗೋಡೆ.

"ಮೀರಾಸಾಬ, ಇಲ್ಲಿ ಒಡಿ."

"ಅವ್ವಾರ, ಅಲ್ಲಿ ಒಡದ್ರ ಸರೇಸಿನ ನಾತ ಸೀದಾ ದೇವರ ಕೋಣಿಗೆ ಬರತೈತ್ರಿ" ಅಂದೆ ನಾನು. ಆ ಹೊತ್ತಿನಲ್ಲೂ ನನ್ನ ಓಣಿಯ ಮೇಲೆ ನನಗೆ ಮಮತೆ.

"ಬರ್ಲಿ" ಅಂದರು ನೀಲವ್ವ. "ಎಂಟೊಂಬತ್ತ ವರ್ಷ ಈ ಮನ್ಯಾಗ ಬರೇ ಊದಿನಕಡ್ಡಿ ವಾಸನಿ ಇತ್ತು, ಮಗಾ ಇರಲಿಲ್ಲ. ನಾತ ಬಂದ್ರ ಅಂವಾ ಒಳಗ ಅದಾನಂತರೆ ತಿಳೀತೈತಿ."

ಮೀರಾಸಾಬ ಹಾರೆ ಎತ್ತಿದ. ಸಿಮೆಂಟಿನ ಗೋಡೆಯಾಗಿದ್ದರೆ ಎರಡು ದಿನ ಹಿಡಿಯುತ್ತಿತ್ತು. ಮಣ್ಣಿನ ಕಟ್ಟಡ, ಕಲ್ಲುಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. ಒಂದೂ ಒಡೆಯಲಿಲ್ಲ, ಆಮೇಲೆ ಅವೇ ಕಲ್ಲಿನಿಂದ ಹಿತ್ತಲಲ್ಲಿ ಕಟ್ಟೆ ಕಟ್ಟಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಆಳೆತ್ತರದ ಕಿಂಡಿಯಾಯಿತು. ಗಳವನ್ನು ಓಣಿಯಿಂದ ಹಿಂದಕ್ಕೆಳೆದು, ಪಕ್ಕಕ್ಕೆ ಎರಡು ಹೆಜ್ಜೆ ಸರಿಸಿ, ನೇರ ಮಾಡಿದರು. ಅದು ಕಿಂಡಿ ದಾಟಿ, ನಡುಮನೆ ದಾಟಿ, ಪಡಸಾಲೆ ದಾಟಿ, ಎಲ್ಲಿಯೂ ಮುಟ್ಟದೆ ಬೀದಿಗೆ ಹೋಗಿ ನಿಂತಿತು. ಒಂದು ಹೊತ್ತಿನಲ್ಲಿ ಅದರ ತಲೆ ಟ್ರ್ಯಾಕ್ಟರಿನ ಹತ್ತಿರ ಇತ್ತು, ಬಾಲ ಇನ್ನೂ ನಡುಮನೆಯಲ್ಲಿತ್ತು. ನೀಲವ್ವ ದೇವರ ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು, ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಪರದೆ ಅವರನ್ನು ದಾಟುವಾಗ ಸೆರಗು ಬಿಟ್ಟು ಅದರ ಮೈಯನ್ನು ಒಮ್ಮೆ ಸವರಿದರು. ಸುಮಿತ್ರಾ ಕಂಬದ ಹತ್ತಿರ ಎದ್ದು ನಿಂತಿದ್ದಳು. ಮೇಲೆ ತಾಡಪತ್ರಿ ಕಟ್ಟಿದ ಮೇಲೆ ಹನಿ ಬಿತ್ತು.

ಶಾಲಿನ ಮಾತು ಯಾರೂ ಎತ್ತಲಿಲ್ಲ. ಮರುದಿನ ಮೀರಾಸಾಬ ಬಾಳೆಗಿಡದ ಹತ್ತಿರದ ಗೋಣಿತಟ್ಟು ತೆಗೆದು ಮೂರನೆಯ ಚೌಕಟ್ಟು ಕೂಡಿಸಿದ. ಅಳತೆ ತೆಗೆಯುವ ಕೆಲಸವೇ ಬರಲಿಲ್ಲ. ಈರಣ್ಣ ಚೀಟಿ ಬರೆಯುವ ಕೆಲಸಕ್ಕೆ ಹೋಗಲಿಲ್ಲ. ಆ ಕೆಲಸ ಸುಮಿತ್ರಾಳ ಅಣ್ಣನೇ ಮಾಡಿದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಆಫೀಸಿಗೂ ಕಂಪ್ಯೂಟರು ಬಂತು. ಅಮೋನಿಯಾದ ವಾಸನೆ ಹೋಯಿತು, ಗೆರೆಗಳು ಚೊಕ್ಕವಾದವು, ತಪ್ಪುಗಳೂ ಚೊಕ್ಕವಾಗಿ ಕಾಣತೊಡಗಿದವು. ಕಂಪ್ಯೂಟರಿನ ಪರದೆಯ ಮೇಲೆ ಗೋಡೆ ಎಲ್ಲಿ ಬೇಕಾದರೂ ಸರಿಯುತ್ತದೆ, ಆದರೆ ಈ ಮನೆಯಿಂದ ಗಳ ಹೊರಗೆ ಹೋಗುತ್ತದೆಯೇ ಅಂತ ಅದು ತಾನಾಗಿ ಕೇಳುವುದಿಲ್ಲ. ನಾನು ಮಾನಿಟರಿನ ಮಗ್ಗುಲಿಗೆ ಒಂದು ಕಡ್ಡಿಪೆಟ್ಟಿಗೆ ಇಟ್ಟುಕೊಂಡೆ. ಬಂದವರು ನಾನೂ ಬೀಡಿ ಶುರು ಮಾಡಿದೆನೆಂದು ತಿಳಿದುಕೊಂಡರು.

ಅದೇ ಕಾಲದಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಕೆಲವರು ಕ್ಯಾಮರಾ ಹಿಡಿದುಕೊಂಡು ಮುರಗೋಡದ ಮನೆ ನೋಡಲು ಬಂದರು. ಹಳೆಯ ಕಲ್ಲು, ಮಳೆನೀರು, ಕುಣಿ, ಗಾಜಿನ ಹಂಚು ಎಲ್ಲ ನೋಡಿ ಸುಸ್ಥಿರ ಮನೆ ಅಂದರು, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಕೊನೆಗೆ ಒಬ್ಬಳು ಕೇಳಿದಳು: "ಸರ್, ಮೂರು ಬಾಗಿಲು ಒಂದೇ ನೇರಕ್ಕೆ ಬಂದಿವೆ. ಗಾಳಿಯೂ ಆಡುತ್ತದೆ, ಪರದೆಯೂ ಹೋಗುತ್ತದೆ. ಈ ಕಲ್ಪನೆ ಹೇಗೆ ಹೊಳೆಯಿತು?" ನಾನು ಗಂಟಲು ಸರಿಮಾಡಿಕೊಂಡೆ. ಸುಳ್ಳು ಹೇಳುತ್ತಿದ್ದೆನೋ ಇಲ್ಲವೋ ದೇವರೇ ಬಲ್ಲ. ಅಷ್ಟರಲ್ಲಿ ಒಳಗಿನಿಂದ ನೀಲವ್ವನ ದನಿ ಬಂತು.

"ಅದು ಕಲ್ಪನಾ ಅಲ್ಲವಾ, ರಿಪೇರಿ ಅಂತ ಬರ್ಕೊ."

ಈಗ ಕೊನೆಯ ಮಾತು. ಕಟಕೋಳದವರ ಅರಮನೆಯ ನಂತರ ಈರಣ್ಣ ಬರೆದದ್ದು ಒಂದು 'ಬಡವರ ಮನೆ'. ಎಲ್ಲ ನಾಟಕಕ್ಕೂ ಬೇಕಾಗುವ ಪರದೆ ಅದು. ಬೇರೆಯವರು ಬರೆದರೆ ಒಂದು ಗುಡಿಸಲು, ಒಂದು ಗಡಿಗೆ, ಮುಗಿಯಿತು. ಈರಣ್ಣ ತನ್ನ ಮನೆಯನ್ನೇ ಬರೆದಿದ್ದ. ಪಡಸಾಲೆ, ಕಂಬ, ಒಂದರ ಹಿಂದೆ ಒಂದು ಮೂರು ಬಾಗಿಲು, ಕಡೆಯ ಬಾಗಿಲಿನ ಆಚೆ ಬೆಳಕಿನಲ್ಲಿ ಬಾಳೆಗಿಡ. ಬೈಲಹೊಂಗಲದ ಒಂದು ನಾಟಕದಲ್ಲಿ ಅದನ್ನು ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಹಿಂದಿನವರು "ಕುಂದರ್ರಿ ಸಾಹೇಬ್ರ, ಏನೂ ಕಾಣವಲ್ದು" ಅಂದರು. ಕೆಳಗೆ ಮೂಲೆಯಲ್ಲಿ ಈರಣ್ಣನ ಹೆಸರಿತ್ತು. ಅದರ ಕೆಳಗೆ 'ಮನೆಯ ನಕಾಶೆ' ಅಂತ ಬರೆದು ನನ್ನ ಹೆಸರು ಹಾಕಿದ್ದ.

ಮರುದಿನವೇ ಮುರಗೋಡಕ್ಕೆ ಹೋದೆ. "ಈರಣ್ಣಾ, ಅದನ್ನ ಅಳಸಪಾ. ಆ ಮೂರ ಬಾಗಲಾ ನಿಮ್ಮ ಅವ್ವಾರದು. ಅವರ ಹೆಸರ ಬರಿ" ಅಂದೆ. ಅವನು ತಾಯಿಯ ಕಡೆ ನೋಡಿದ. ನೀಲವ್ವ ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹಿಂದಿನಿಂದ ಸರೇಸಿನ ನಾತ ಮೂರೂ ಬಾಗಿಲು ದಾಟಿಕೊಂಡು ಧಾರಾಳವಾಗಿ ಬರುತ್ತಿತ್ತು.

"ಇರ್ಲಿ ಬಿಡ್ರಿ ಸಾಹೇಬ್ರ. ನನ್ನ ಹೆಸರ ಯಾಕ, ನನಗೇನ ನೆಪ್ಪ ಹಾರೂದಿಲ್ಲ. ನಿಮ್ಮ ಹೆಸರ ಇರ್ಲಿ, ನಿಮಗ ನೆಪ್ಪ ಇರತೈತಿ" ಅಂದರು.

ನೀಲವ್ವ ಈಗಿಲ್ಲ. ಅವರು ಕುಳಿತೇ ಹೋದರು, ಮೂರು ಬಾಗಿಲು ದಾಟಿ ನೇರವಾಗಿ, ಎಲ್ಲಿಯೂ ತಿರುಗಬೇಕಾಗಲಿಲ್ಲ. ಆ ಪರದೆ ಇನ್ನೂ ಊರೂರು ತಿರುಗುತ್ತಿದೆ. ಬಣ್ಣ ಮಾಸಿದಾಗಲೆಲ್ಲ ಈರಣ್ಣ ತೊಳೆದು ಮತ್ತೆ ಬರೆಯುತ್ತಾನೆ, ನನ್ನ ಹೆಸರನ್ನೂ ಮರೆಯದೆ ಮತ್ತೆ ಬರೆಯುತ್ತಾನೆ. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಹೆಸರು ಹೊತ್ತು ನಿಂತ ಮನೆ ಅದೊಂದೇ. ಅದು ಬಟ್ಟೆಯದು, ನಕಾಶೆ ನನ್ನದಲ್ಲ.